ನೀಲಾಂಬಿಕೆ ವಾಪಸ್ ಬರಲಿಲ್ಲ

ಅಕ್ಕ, ನೀಲಾಂಬಿಕೆ ಆ ಮನೆಗೆ ವಾಪಸ್ ಬರಲಿಲ್ಲ. ಪುಸ್ತಕದಲ್ಲಿ ಹಾಗೆ ಬರೆದಿರಲೇ ಇಲ್ಲ. ಮುಸ್ಸಂಜೆ, ಬಾಗಿಲು, ಅವಳು ತಲೆ ತಗ್ಗಿಸಿ ನಿಂತದ್ದು, ಅವಳ ಅತ್ತೆ ಆಡಿದ ಆ ಮಾತು — ಎಲ್ಲವೂ ನಾನು ಕಟ್ಟಿದ್ದು. ನನ್ನ ಕಣ್ಣೆದುರಿನ ಪುಟದಲ್ಲಿ ಬೇರೆಯದೇ ಇತ್ತು. ಅದನ್ನು ನೋಡುತ್ತ ಇದನ್ನು ಓದಿದೆ.

ಸಿನಿಮಾದವರು ಏನನ್ನೂ ಬದಲಾಯಿಸಿಲ್ಲ. ಬದಲಾಯಿಸಿದವಳು ನಾನು.

ಇಷ್ಟು ಬರೆದರೆ ಎದೆ ಹಗುರಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ಭಾರವೂ ಆಗಲಿಲ್ಲ. ಬಹಳ ಹೊತ್ತು ಒತ್ತಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಯಾರದೋ ಕಾಲು ಅನ್ನಿಸುತ್ತದಲ್ಲ — ಹಾಗಿದ್ದೇನೆ. ವಿದ್ಯಾನಗರದ ಈ ಮನೆಯಲ್ಲಿ ಕಿಟಕಿಯ ಪಕ್ಕ ಕೂತಿದ್ದೇನೆ. ಹೊರಗೆ ಹಾಸ್ಟೆಲ್ ಹುಡುಗಿಯರು ಸ್ಕೂಟರ್ ನಿಲ್ಲಿಸಿಕೊಂಡು ನಗುತ್ತಿದ್ದಾರೆ. ಚಹಾ ಆರಿಹೋಗಿದೆ.

ನಮ್ಮಿಬ್ಬರನ್ನು ಅರಿಯದವರ ಕೈಗೆ ಇದು ಸಿಕ್ಕರೆ — ಅವರಿಗಾಗಿ ಒಂದೆರಡು ಮಾತು. ಶಾಂತಕ್ಕ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ದಾವಣಗೆರೆ ಕೆ.ಬಿ. ಬಡಾವಣೆಯ ಆ ಮನೆಗೆ ನಾನು ಕಿರಿ ಸೊಸೆಯಾಗಿ ಬಂದಾಗ ಅವಳು ಹಿರಿ ಸೊಸೆ. ಹೊಸತರಲ್ಲಿ 'ನೀವು' ಎನ್ನುತ್ತಿದ್ದೆ. ಅವಳೇ ಬಿಡಿಸಿದಳು. ಹರಿಹರದ ಹುಡುಗಿ. ಶಾಲೆ ಬೇಗ ಬಿಡಿಸಿದ್ದರು. ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಒಂದು ಪುಟ ಓದುವುದು ಅವಳಿಗೆ ಆಗದು. ಈ ಕಥೆಯೆಲ್ಲ ನಿಂತಿರುವುದೇ ಅದರ ಮೇಲೆ.

ಈಗ ಮತ್ತೆ ನಿನ್ನ ಹತ್ತಿರವೇ ಮಾತಾಡುತ್ತೇನೆ, ಅಕ್ಕ.

ನಮ್ಮವರದು ಬಟ್ಟೆ ಅಂಗಡಿ. ಮನೆಯವರು, ಅಂಗಡಿಯ ಕೆಲಸದವರು, ಹಳ್ಳಿಯಿಂದ ಜವಳಿಗೆ ಬಂದು ಊಟಕ್ಕೆ ಕೂತುಬಿಡುವ ಬಳಗದವರು — ಎಲ್ಲರಿಗೂ ರೊಟ್ಟಿ ಆಗಬೇಕು. ನಾನೋ ಚಿತ್ರದುರ್ಗದ ಕಡೆಯವಳು, ಮುದ್ದೆ ಉಂಡು ಬೆಳೆದವಳು. ಜೋಳದ ಹಿಟ್ಟು ನನ್ನ ಕೈಗೆ ಬಗ್ಗಲಿಲ್ಲ. ಅಂಚು ಸೀಳುತ್ತಿತ್ತು, ಹಂಚಿಗೆ ಹಾಕುವಷ್ಟರಲ್ಲಿ ಎರಡು ಹೋಳಾಗುತ್ತಿತ್ತು. ಅತ್ತೆ ಅದನ್ನು ಬೆಳಕಿಗೆ ಎತ್ತಿ ಹಿಡಿದು, ಇದು ಯಾವ ರಾಜ್ಯದ ನಕ್ಷೆ ಅಂತ ಕೇಳುತ್ತಿದ್ದರು. ನಾನು ಬಿ.ಎ. ಓದಿದವಳು. ಎಷ್ಟು ಅವಮಾನ ಆಗುತ್ತಿತ್ತು ಅಂದರೆ — ಈಗ ಯೋಚಿಸಿದರೆ ಅದು ಅಂಥ ದೊಡ್ಡದೇನೂ ಅಲ್ಲ.

ನೀನು ನನ್ನನ್ನು ಕಾಪಾಡಿದೆ. ಆಕಿ ಪುಸ್ತಕ ಓದ್ಲಿ ಅತ್ತಿ, ಕೇಳ್ತಾ ಬಡಿದ್ರೆ ನನ್ನ ಕೈ ಬೇಗ ಓಡ್ತಾವೆ ಅಂದೆ. ಅತ್ತೆ ಒಪ್ಪಿದರು. ಯಾಕೆ ಒಪ್ಪಿದರೋ. ಬಹುಶಃ ರೊಟ್ಟಿ ಹೇಗೂ ಆಗುತ್ತಿತ್ತು, ಅದಕ್ಕೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಯಿತು. ನೀನು ಒಲೆಯ ಮುಂದೆ, ನಾನು ಕಂಬಕ್ಕೆ ಒರಗಿ. ನೀನು ಬಡಿಯುವುದು, ನಾನು ಓದುವುದು. ಬಡಾವಣೆಯಲ್ಲೇ ಒಂದು ಬಾಡಿಗೆ ಲೈಬ್ರರಿ ಇತ್ತು. ನಮ್ಮ ಯಜಮಾನರು ಅಂಗಡಿಯಿಂದ ಬರುವಾಗ ಕಾದಂಬರಿ ಬದಲಾಯಿಸಿಕೊಂಡು ಬರುತ್ತಿದ್ದರು. ಮೈಗಳ್ಳಿಗೆ ಇದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ.

ನಮ್ಮಿಬ್ಬರ ರುಚಿ ಬೇರೆ ಬೇರೆ. ನನಗೆ ಕೊನೆಯಲ್ಲಿ ಏನೂ ಸರಿಹೋಗದ ಕಥೆಗಳು ಬೇಕು. ಮದುವೆಯಲ್ಲಿ ಮುಗಿದರೆ ಪುಸ್ತಕವನ್ನು ಕೆಳಗೆ ಒಗೆಯುತ್ತಿದ್ದೆ. ಇನ್ನೊಂದು ಕೆಟ್ಟ ಚಾಳಿ ಇತ್ತು — ಪುಸ್ತಕ ಕೈಗೆ ಬಂದ ದಿನವೇ ಕೊನೆಯ ಅಧ್ಯಾಯ ಕದ್ದು ಓದುವುದು. ನಿನಗೆ ಗೊತ್ತಿರಲಿಲ್ಲ. ಓದುವಾಗ ನಾನೂ ನಿನ್ನ ಹಾಗೆ ಬೆರಗಾದವಳಂತೆ ಉಸಿರು ಬಿಡುತ್ತಿದ್ದೆ.

ನಿನಗೆ ಬೇಕಾದದ್ದು ಬೇರೆ. ಅವರು ಏನು ಉಂಡರು, ಮಡಿಕೆಯಲ್ಲಿ ನೀರಿತ್ತೋ ಇಲ್ಲವೋ, ಬಸುರಿಯನ್ನು ಬಸ್ಸಿನಲ್ಲಿ ಕೂರಿಸಿದರೋ ನಿಲ್ಲಿಸಿದರೋ. ಲೇಖಕರು ಬರೆದಿರುತ್ತಿರಲಿಲ್ಲ. ನೀನು ಕೈ ನಿಲ್ಲಿಸಿ ಕೇಳುತ್ತಿದ್ದೆ, ನಾನು ಏನೋ ಒಂದು ಸೇರಿಸಿ ಓದುತ್ತಿದ್ದೆ. ಅನ್ನ, ಬದನೆಕಾಯಿ ಪಲ್ಯ. ಹೂಂ, ಕೂರಿಸಿದರು. ಮೊದಲ ಸುಳ್ಳುಗಳು ಅವು. ಅವುಗಳಿಂದ ಯಾರಿಗೂ ಏನೂ ಆಗಲಿಲ್ಲ, ಹಾಗಾಗಿ ನನಗೆ ಸುಲಭವಾಯಿತು.

ಮತ್ತೆ ನಮ್ಮ ಸಿನಿಮಾ ಆಟ. ಯಾವ ಕಾದಂಬರಿ ಹಿಡಿಸಿದರೂ ಅದು ಸಿನಿಮಾ ಆಗಬೇಕು ಅಂತ ಇಬ್ಬರಿಗೂ ಆಸೆ. ನಾನು ಪತ್ರಿಕೆಯಲ್ಲಿ ನೋಡಿದ ನಟಿಯರ ಹೆಸರು ಹೇಳಿದರೆ ನೀನು ತಳ್ಳಿಹಾಕುತ್ತಿದ್ದೆ. ನಿನ್ನ ಸಿನಿಮಾದಲ್ಲಿ ನಮ್ಮ ಬೀದಿಯವರೇ ಇರಬೇಕು. ಬಳೆಗಾರ್ತಿ ಹಾಲಮ್ಮ ನಾಯಕಿಯ ತಾಯಿ. ಎದುರು ಮನೆಯ ಡಾಕ್ಟರ ಹೆಂಡತಿ ಕೆಟ್ಟವಳು — ಆಕಿ ಮೂಗು ಅದಕ್ಕೇ ಮಾಡಿಸಿದಂಗೈತೆ ಅಂದು ನಕ್ಕಿದ್ದೆ. ಅತ್ತೆಯ ಪಾತ್ರ ಯಾವ ಕಾದಂಬರಿಯಲ್ಲಿ ಬಂದರೂ ಅದಕ್ಕೆ ನಮ್ಮ ಅತ್ತೆ. ಸಿನಿಮಾದಲ್ಲಿ ರೊಟ್ಟಿ ಬಡಿಯುವವರ ಕೈಯಲ್ಲಿ ಹಿಟ್ಟೇ ಇರುವುದಿಲ್ಲ ಅನ್ನುವುದು ನಿನ್ನ ದೊಡ್ಡ ತಕರಾರು. ನಮ್ಮ ಕಾದಂಬರಿ ಸಿನಿಮಾ ಆದರೆ ಒಲೆ ಮುಂದೆ ನಿನ್ನ ಕೈ ತೋರಿಸಬೇಕು ಅಂತ ನಾನು ಹೇಳುತ್ತಿದ್ದೆ. ನೀನು ಆ ಕೈಯಿಂದಲೇ ಮುಖ ಮುಚ್ಚಿಕೊಳ್ಳುತ್ತಿದ್ದೆ, ಹಣೆಗೆಲ್ಲ ಹಿಟ್ಟು ಹತ್ತುತ್ತಿತ್ತು.

ಆಮೇಲೆ ಭಾವ ಹೋದರು. ಜ್ವರ ಅಂತ ಮಲಗಿದವರು ಏಳಲಿಲ್ಲ. ನಿನಗೆ ಆಗ ವಯಸ್ಸೆಷ್ಟು, ಮೂವತ್ತರ ಆಸುಪಾಸು. ಮಕ್ಕಳಿರಲಿಲ್ಲ. ಸೂತಕ ಮುಗಿದ ಮೇಲೆ ನೀನು ಮತ್ತೆ ಒಲೆಯ ಮುಂದೆ ಬಂದು ಕೂತೆ, ನಾನು ಕಂಬಕ್ಕೆ ಒರಗಿದೆ. ಓದಲಾ ಅಂತ ಕೇಳಿದೆ. ಓದು ಅಂದೆ ನೀನು. ಸಿನಿಮಾ ಆಟ ಮಾತ್ರ ಬಹಳ ದಿನ ನಿಂತಿತ್ತು.

ನಿನ್ನ ಅಣ್ಣ ಬಸಣ್ಣ ಹರಿಹರದಿಂದ ಬಂದದ್ದು ಆ ವರ್ಷವೇ. ಪಡಸಾಲೆಯಲ್ಲಿ ಚಹಾ ಕುಡಿದು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮಾತಾಡಿದ. ಫ್ಯಾಕ್ಟರಿ ಕಡೆ ಹೋಗುವ ರಸ್ತೆಯಲ್ಲಿ ಒಂದು ಅಂಗಡಿ, ಹಿಂದೆ ಇರಲಿಕ್ಕೊಂದು ಕೋಣೆ ಹಿಡಿದಿದ್ದಾನೆ. ಖಾನಾವಳಿ ಹಾಕುತ್ತಾನೆ. ಕೆಲಸದವರು ದೂರದ ಊರುಗಳಿಂದ ಬಂದವರು, ಬಿಸಿ ರೊಟ್ಟಿ ಸಿಕ್ಕರೆ ಸಾಕು ಅನ್ನುತ್ತಾರೆ. ಹೊರಗಿನದು ಅವನು ನೋಡಿಕೊಳ್ಳುತ್ತಾನೆ, ಒಲೆ ನಿನ್ನದು. ಖಾನಾವಳಿ ನಿನ್ನ ಹೆಸರಿನಲ್ಲೇ. ಅವನ ಮಾತು ನನಗೆ ಹಾಗೇ ನೆನಪಿದೆ.

"ಅಲ್ಲಿ ಬಡಿದ್ರೂ ರೊಟ್ಟೀನೇ, ಇಲ್ಲಿ ಬಡಿದ್ರೂ ರೊಟ್ಟೀನೇ, ಶಾಂತಿ. ಅಲ್ಲಿ ಬಡಿದ್ರೆ ನಿಂದು ಅಂತ ಒಂದು ಬಾಗ್ಲು ಇರ್ತೈತೆ."

ನೀನು ತಲೆ ಎತ್ತಲಿಲ್ಲ. ಯುಗಾದಿ ಹೊತ್ತಿಗೆ ಹೇಳ್ತೀನಿ ಅಂದೆ. ಅವನು ಹೋದ ಮೇಲೆ ರೊಟ್ಟಿ ಹಂಚಿನ ಮೇಲೆ ಹೊತ್ತಿತು. ನಿನ್ನ ಕೈಯಲ್ಲಿ ರೊಟ್ಟಿ ಹೊತ್ತಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆ ವಾರವೇ ನಮ್ಮ ಯಜಮಾನರು ನೀಲಿ ರಟ್ಟಿನ ಆ ಕಾದಂಬರಿ ತಂದರು. ಬೇಕಂತ ತಂದದ್ದಲ್ಲ, ಅವರು ಹೆಸರು ಸಹ ನೋಡುತ್ತಿರಲಿಲ್ಲ. ಗಂಡನನ್ನು ಕಳೆದುಕೊಂಡ ನೀಲಾಂಬಿಕೆ ಅತ್ತೆಯ ಮನೆಯಲ್ಲಿ ದುಡಿಯುತ್ತಾಳೆ. ಒಂದು ದಿನ ಬೆಳಗಿನ ಬಸ್ಸು ಹತ್ತಿ ಗುರುತಿಲ್ಲದ ಊರಿಗೆ ಹೋಗುತ್ತಾಳೆ, ಬಾಡಿಗೆ ಕೋಣೆ ಹಿಡಿಯುತ್ತಾಳೆ, ಹೊಲಿಗೆ ಮಷಿನ್ ಮುಂದೆ ಕೂರುತ್ತಾಳೆ. ಮೊದಲ ಅಧ್ಯಾಯ ಓದಿದಾಗಲೇ ನಿನ್ನ ಕೈ ನಿಧಾನವಾಯಿತು. ಮರುದಿನ ಊಟದ ಹೊತ್ತಿಗೆ ರೊಟ್ಟಿ ಸಾಲದೆ ಅತ್ತೆ ಬೈದರು. ನೀನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಬಹಳ ದಿನದ ಮೇಲೆ ನೀನು ಮತ್ತೆ ಸಿನಿಮಾ ಮಾತೆತ್ತಿದೆ. ಇದು ಸಿನಿಮಾ ಆಗ್ಬೇಕು ಗಿರಿಜಾ ಅಂದೆ. ನೀಲಾಂಬಿಕೆ ಯಾರು ಆಗಬೇಕು ಅಂತ ನಾನು ಕೇಳಿದೆ. ನೀನು ಹೆಸರು ಹೇಳಲಿಲ್ಲ. ಹಿಟ್ಟು ನಾದುತ್ತ ಕೂತೆ. ನಿನ್ನ ಕಿವಿ ಕೆಂಪಾಗಿತ್ತು. ನೀಲಾಂಬಿಕೆ ಯಾರು ಅಂತ ನನಗೆ ತಿಳಿಯಿತು.

ತಿಳಿದದ್ದಷ್ಟೇ ಅಲ್ಲ — ಆ ಒಲೆಯ ಮುಂದೆ ನಾನು ಕೂತದ್ದು ಕಣ್ಣಿಗೆ ಕಟ್ಟಿತು. ನೀನು ಹೋದರೆ ಆ ಮಣೆ ನನ್ನದು. ಬೆಳಗ್ಗೆ, ಮಧ್ಯಾಹ್ನ, ಸಂಜೆ. ಹರಿದ ರೊಟ್ಟಿ, ಅತ್ತೆಯ ನಗು. ನನಗೆ ಇನ್ಯಾರು ಇದ್ದರು ಅಲ್ಲಿ, ನೀನಿಲ್ಲದೆ ನನಗೆ ಬೇಸರವಾಗುತ್ತಿತ್ತು, ಅದಕ್ಕೇ — ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಇತ್ತೇನೋ. ಆದರೆ ಅವತ್ತು ಮೊದಲು ಕಣ್ಣಿಗೆ ಬಂದದ್ದು ಬೇಸರವಲ್ಲ, ರೊಟ್ಟಿಯ ಮಣೆ.

ಕೊನೆಯ ಅಧ್ಯಾಯವನ್ನು ನಾನು ಆಗಲೇ ಕದ್ದು ಓದಿದ್ದೆ. ಅದರಲ್ಲಿ ಏನಿತ್ತು ಅಂತ ಈಗ ಹೇಳುತ್ತೇನೆ. ನೀಲಾಂಬಿಕೆಯ ಅತ್ತೆಮನೆಯವರು ಕರೆಯಲು ಬರುತ್ತಾರೆ. ಅವಳು ಕೂರಿಸಿ ಚಹಾ ಕೊಡುತ್ತಾಳೆ. ಅವರು ಹೋದ ಮೇಲೆ ತನ್ನ ಕೋಣೆಯ ಬಾಗಿಲಿಗೆ ತಾನೇ ಬೀಗ ಹಾಕಿ, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಸಂತೆಗೆ ಹೋಗುತ್ತಾಳೆ. ಅಷ್ಟೇ. ಅಲ್ಲಿಗೆ ಮುಗಿಯುತ್ತದೆ.

ನಾನು ಒಂದು ಇಡೀ ದಿನ ಯೋಚಿಸಿದೆ, ಅಕ್ಕ. ಬಾಯಿ ತಪ್ಪಿ ಬಂದದ್ದಲ್ಲ. ಬಟ್ಟೆ ಒಣಗಿಸುವಾಗ, ನನ್ನ ಮಗುವಿಗೆ ಉಣ್ಣಿಸುವಾಗ, ಮನಸ್ಸಿನಲ್ಲೇ ವಾಕ್ಯ ಕಟ್ಟಿದೆ. ಲೇಖಕರ ಶೈಲಿ ಹಿಡಿಯಬೇಕು, ನಿನಗೆ ಅನುಮಾನ ಬರಬಾರದು. ಊಟದ ವಿವರ ಇರಬೇಕು. ಎಲ್ಲವನ್ನೂ ಹೊಂದಿಸಿಕೊಂಡೆ.

ಮರುದಿನ ಓದಿದೆ. ನೀಲಾಂಬಿಕೆಗೆ ಕಾಯಿಲೆ ಬಂತು. ಹೊಲಿದುಕೊಟ್ಟ ಬಟ್ಟೆಗೆ ಜನ ದುಡ್ಡು ಕೊಡಲಿಲ್ಲ. ಕೋಣೆಯವರು ಹೊರಗೆ ಹಾಕಿದರು. ಎರಡು ದಿನ ಬರೀ ಮಂಡಕ್ಕಿ ನೆನೆಸಿ ತಿಂದಳು. ಮುಸ್ಸಂಜೆಗೆ ಅತ್ತೆಯ ಮನೆ ಬಾಗಿಲಿಗೆ ಬಂದು ತಲೆ ತಗ್ಗಿಸಿ ನಿಂತಳು. ಅತ್ತೆ ಬಹಳ ಹೊತ್ತು ನೋಡಿದಳು. ಆಮೇಲೆ ಅಂದಳು —

"ಬಂದೆಯಾ? ಒಳಗೆ ಬಾ. ಒಲೆ ಆರಿದೆ."

ನೀನು ಅತ್ತುಬಿಟ್ಟೆ. ಹಿಟ್ಟಿನ ಕೈ ಹಾಗೇ ಗಾಳಿಯಲ್ಲಿ ಎತ್ತಿ ಹಿಡಿದು, ತೋಳಿನಿಂದ ಕಣ್ಣು ಒರೆಸಿಕೊಳ್ಳುತ್ತ ಅಳುತ್ತಿದ್ದೆ. ನನಗೆ ಆಗ ಏನಾಯಿತು ಗೊತ್ತೇ? ಖುಷಿಯಾಯಿತು. ನಾನು ಕಟ್ಟಿದ ಮಾತಿಗೆ ಒಬ್ಬರು ಅತ್ತರಲ್ಲ ಅಂತ. ಇದನ್ನು ಬರೆಯಲು ಎಲ್ಲಕ್ಕಿಂತ ಕಷ್ಟವಾಯಿತು, ಆದರೂ ಬರೆದಿದ್ದೇನೆ.

ನಮ್ಮ ಅತ್ತೆ ಹೊರಗೆ ಅಕ್ಕಿ ಆರಿಸುವ ನೆಪದಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದರು. ಮೊರ ಬದಿಗಿಟ್ಟು ಎದ್ದು, ಪುಸ್ತಕದಾಗೂ ಅದನ್ನೇ ಬರೆದಾರೆ ನೋಡು ಅಂದರು. ದನಿಯಲ್ಲಿ ಗೆದ್ದ ಹಮ್ಮು ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಂತೆ ಹೇಳಿದರು. ಆ ಮನೆಯಲ್ಲಿ ಅಚ್ಚಾದದ್ದೆಲ್ಲ ನಿಜ. ಪುಸ್ತಕ ಸುಳ್ಳು ಹೇಳುತ್ತದೆ ಅಂತ ನಿಮ್ಮಿಬ್ಬರಿಗೂ ಅನ್ನಿಸಿರಲಿಕ್ಕಿಲ್ಲ; ಓದುವವಳು ಹೇಳುತ್ತಾಳೆ ಅಂತ ಹೇಗೆ ಅನ್ನಿಸೀತು.

ಕೊನೆಯದನ್ನು ಇನ್ನೊಂದು ಸಲ ಓದು ಅಂತ ನೀನು ಕೇಳಿದೆ. ನನಗೆ ಭಯವಾಯಿತು. ವಾಕ್ಯಗಳು ಅದೇ ಕ್ರಮದಲ್ಲಿ ಬರುತ್ತವೆ ಅಂತ ಏನು ಗ್ಯಾರಂಟಿ? ಮಗು ಅಳುತ್ತಿದೆ ಅಂತ ಎದ್ದೆ. ಸಂಜೆಯೇ ಪುಸ್ತಕವನ್ನು ಯಜಮಾನರ ಕೈಗೆ ಕೊಟ್ಟು ಲೈಬ್ರರಿಗೆ ಕಳಿಸಿಬಿಟ್ಟೆ. ಅವಧಿ ಮುಗಿದಿತ್ತು ಅಂತ ನಿನಗೆ ಹೇಳಿದೆ. ಅದೂ ಸುಳ್ಳು.

ಯುಗಾದಿಗೆ ಬಸಣ್ಣ ಬಂದ. ಅಷ್ಟರಲ್ಲಿ ಒಲೆ ಹಾಕಿಸಿದ್ದ, ಗೋಡೆಗೆ ಸುಣ್ಣ ಬಳಿಸಿದ್ದ. ನೀನು ಬೇವು ಬೆಲ್ಲದ ಬಟ್ಟಲು ಅವನ ಮುಂದೆ ಇಟ್ಟು, ನಿಂತುಕೊಂಡೇ ಹೇಳಿದೆ.

"ಬ್ಯಾಡ ಅಣ್ಣ. ಹೋದೋರು ಸೋತು ಬಂದು ಬಾಗ್ಲಾಗ ನಿಲ್ಲಬೇಕಾಗತೈತೆ. ನಾನು ಇಲ್ಲೇ ಇರ್ತೀನಿ."

ಬಸಣ್ಣ ನಿನ್ನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ — ನಾನಾದರೂ ಒಂದು ಮಾತು ಹೇಳುತ್ತೇನೆ ಅಂತಿರಬೇಕು. ಓದಿದವಳಲ್ಲವೇ. ನಾನು ಹೋಳಿಗೆ ತರುತ್ತೇನೆ ಅಂತ ಒಳಗೆ ಹೋದೆ. ಅಡುಗೆಮನೆಯಲ್ಲಿ ನಿಂತು ದೊಡ್ಡದೊಂದು ಉಸಿರು ಬಿಟ್ಟೆ. ನಿರಾಳವಾಯಿತು. ಆ ನಿರಾಳ ಬಹಳ ವರ್ಷ ಇತ್ತು.

ಬಸಣ್ಣ ಒಬ್ಬನೇ ಖಾನಾವಳಿ ನಡೆಸಲಾರದೆ ಆ ಜಾಗವನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಅಲ್ಲಿ ಈಗಲೂ ಖಾನಾವಳಿ ಇದೆ. ನಿನ್ನನ್ನು ನೋಡಲು ಈಗ ಹರಿಹರಕ್ಕೆ ಬರುವಾಗಲೆಲ್ಲ ಆಟೋ ಅದರ ಮುಂದೆಯೇ ಹಾಯುತ್ತದೆ. ಹೊರಗೆ ಚಪ್ಪಲಿಗಳ ರಾಶಿ ಇರುತ್ತದೆ. ನಾನು ಆ ಕಡೆ ನೋಡುತ್ತೇನೆ, ನೋಡದೆ ಇರುವುದಿಲ್ಲ. ನೋಡಿದರೆ ಏನೂ ಆಗುವುದಿಲ್ಲ.

ನೀನು ಆ ಒಲೆಯ ಮುಂದೆ ಮತ್ತೆಷ್ಟು ವರ್ಷ ಕೂತೆ. ನನ್ನ ಮಕ್ಕಳು ನಿನ್ನ ರೊಟ್ಟಿ ತಿಂದು ಬೆಳೆದವು. ನಾನು ಕಂಬಕ್ಕೆ ಒರಗಿ ಓದುತ್ತಲೇ ಇದ್ದೆ. ಎಷ್ಟೋ ಕಾದಂಬರಿಗಳು ಬಂದು ಹೋದವು, ಅವುಗಳಲ್ಲಿ ಕೆಲವು ಸಿನಿಮಾ ಆದವು, ಟೀವಿಯಲ್ಲಿ ಧಾರಾವಾಹಿ ಆದವು. ನೀನು ನೋಡಿ, ಚೆನ್ನಾಗೈತೆ, ಆದರೆ ನಮ್ಮ ನೀಲಾಂಬಿಕೆ ಯಾವಾಗ ಅನ್ನುತ್ತಿದ್ದೆ. ಬೇರೆ ಎಲ್ಲ ಮರೆತರೂ ಅದನ್ನು ಮರೆಯಲಿಲ್ಲ. ಆ ಬಾಗಿಲ ಸೀನು ಪರದೆಯ ಮೇಲೆ ನೋಡಬೇಕು. ದೀಪ ಹಚ್ಚುವ ಹೊತ್ತು, ಹಿಂದಿನಿಂದ ಬೆಳಕು ಬರಬೇಕು, ನೀಲಾಂಬಿಕೆಯ ಮುಖ ಕಾಣಬಾರದು, ಅತ್ತೆಯ ಮುಖ ಮಾತ್ರ ಕಾಣಬೇಕು. ಹಾಡು ಬ್ಯಾಡ ಅಂದಿದ್ದೆ. ನಾನು ಒಮ್ಮೆ ಮೈಮರೆತು, ಅವಳು ಬಂದು ಕಟ್ಟೆಯ ಮೇಲೆ ಕೂತಳು ಅಂದದ್ದಕ್ಕೆ ನೀನು ತಿದ್ದಿದೆ — ಕೂಡಲಿಲ್ಲ, ನಿಂತಳು. ನನ್ನ ಸುಳ್ಳು ನನಗಿಂತ ನಿನಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ಹೇಳಬಹುದಿತ್ತು. ಎಷ್ಟು ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಪ್ರತಿ ಸಲ — ಇವತ್ತು ಬೇಡ, ಇವತ್ತು ಅವಳ ಕೈ ನೋಯುತ್ತಿದೆ, ಇವತ್ತು ಹಬ್ಬ — ಹೀಗೇ.

ಅತ್ತೆ ಹೋದರು. ಮನೆ ಪಾಲಾಯಿತು. ನಾವು ವಿದ್ಯಾನಗರಕ್ಕೆ ಬಂದೆವು. ನನ್ನ ಜೊತೆ ಇರು ಅಂತ ಕರೆದೆ, ನೀನು ಬರಲಿಲ್ಲ. ಹರಿಹರಕ್ಕೇ ಹೋದೆ, ಬಸಣ್ಣನ ಮನೆಗೆ. ಈಗ ಬಸಣ್ಣನೂ ಇಲ್ಲ. ಅವನ ಮಗ ಸೊಸೆ ಒಳ್ಳೆಯವರು, ನಿನಗೆ ಹಿಂದಿನ ಕೋಣೆ ಕೊಟ್ಟಿದ್ದಾರೆ. ನೀನು ಸುಮ್ಮನೆ ಕೂರುವವಳಲ್ಲ, ಅಲ್ಲೂ ರೊಟ್ಟಿ ಬಡಿಯುತ್ತೀ. ಅಂತೂ ಹರಿಹರಕ್ಕೆ ಹೋದೆ — ಮೂವತ್ತರಲ್ಲಿ ಹೋಗಬೇಕಾದವಳು ತಲೆ ಹಣ್ಣಾದ ಮೇಲೆ ಹೋದೆ. ಆ ಕೋಣೆಯ ಕೀಲಿಕೈ ಸೊಸೆಯ ಗೊಂಚಲಿನಲ್ಲಿರುತ್ತದೆ. ಮೊದಲ ಸಲ ಬಂದಾಗಲೇ ನೋಡಿದ್ದೆ.

ಕಳೆದ ತಿಂಗಳು ಸಿನಿಮಾ ಬಂತು.

ಪೇಪರಿನಲ್ಲಿ ನೋಡಿದ್ದು ನಾನೇ ಮೊದಲು. ಕಾದಂಬರಿಯ ಹೆಸರೇ ಸಿನಿಮಾದ ಹೆಸರು. ಪೇಪರನ್ನು ಮಡಿಸಿ ರದ್ದಿಯ ತಳಕ್ಕೆ ಸೇರಿಸಿದೆ, ಹಾಗೆ ಮಾಡಿದರೆ ಸಿನಿಮಾ ಬರದೆ ಇರುತ್ತದೆ ಅನ್ನುವ ಹಾಗೆ. ನಿನಗೆ ಬಸಣ್ಣನ ಸೊಸೆ ಮೊಬೈಲಿನಲ್ಲಿ ತೋರಿಸಿದಳಂತೆ. ಅವತ್ತೇ ನೀನು ಫೋನ್ ಮಾಡಿದೆ. ದನಿ ಎಷ್ಟು ಎಳೆಯದಾಗಿತ್ತು. ಸಿನಿಮಾ ಅಷ್ಟು ಚೆನ್ನಾಗಿಲ್ಲವಂತೆ ಅಂದೆ ನಾನು. ಎಸಿಯಲ್ಲಿ ನಿನಗೆ ಮಂಡಿ ಹಿಡಿಯುತ್ತದೆ, ಟೀವಿಯಲ್ಲಿ ಬಂದಾಗ ನೋಡೋಣ ಅಂದೆ. ಟೀವಿಗೆ ಬರೋತನ ನಾನಿರ್ಬೇಕಲ್ಲ ಅಂತ ನೀನು ನಕ್ಕೆ.

ಭಾನುವಾರ ನೀನು ಬಸ್ಸಿಳಿದು ಬಂದೆ, ಇಳಕಲ್ ಸೀರೆ ಉಟ್ಟು, ಚೀಲದಲ್ಲಿ ನನಗೆ ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು. ಥಿಯೇಟರಿನ ಬಾಗಿಲಲ್ಲಿ ನಿಂತ ಹುಡುಗ ಚೀಲ ಒಳಗೆ ಬಿಡುವುದಿಲ್ಲ ಅಂದಾಗ, ರೊಟ್ಟಿ ತಾನೇ ಮಗ, ಬಾಂಬಲ್ಲ ಅಂದೆ. ಅವನೂ ನಕ್ಕು ಒಳಗೆ ಬಿಟ್ಟ.

ಸಿನಿಮಾ ಚೆನ್ನಾಗಿತ್ತು. ಅದನ್ನೂ ಹೇಳಬೇಕು. ನಾಯಕಿಯ ಕೈಯಲ್ಲಿ ಹಿಟ್ಟಿತ್ತು. ನೀನು ನನ್ನ ತೊಡೆ ತಟ್ಟಿ ತೋರಿಸಿದೆ. ಅವಳು ಬಸ್ಸು ಹತ್ತಿದಾಗ ನಿನ್ನ ಉಸಿರು ಕೇಳಿಸುತ್ತಿತ್ತು. ನಾನು ಪರದೆ ನೋಡುತ್ತಿರಲಿಲ್ಲ, ನಿನ್ನನ್ನು ನೋಡುತ್ತಿದ್ದೆ. ನೀಲಾಂಬಿಕೆ ಚಹಾ ಕೊಟ್ಟಳು. ಬಂದವರು ಹೋದರು. ಬೀಗ ಹಾಕಿದಳು. ಸೆರಗಿನ ತುದಿಗೆ ಕೀಲಿಕೈ ಗಂಟು ಹಾಕಿಕೊಂಡಳು. ರಸ್ತೆಯಲ್ಲಿ ನಡೆದು ಹೋದಳು. ಹೆಸರುಗಳು ಬರತೊಡಗಿದವು, ದೀಪ ಹತ್ತಿತು, ಜನ ಎದ್ದರು. ನಾನೂ ಎದ್ದೆ. ನೀನು ನನ್ನ ಸೆರಗು ಹಿಡಿದೆಳೆದೆ.

"ಕೂಡು ಗಿರಿಜಾ. ಇನ್ನಾ ಬಾಗ್ಲಿಗೆ ಬರೋದು ಐತೆ."

ಕೂತೆ. ಇನ್ನೇನು ಮಾಡಲಿ. ಹೆಸರುಗಳೆಲ್ಲ ಮುಗಿದವು. ಪರದೆ ಬೆಳ್ಳಗಾಯಿತು. ಕಸ ಗುಡಿಸುವವರು ಬಂದು ಪಾಪ್‌ಕಾರ್ನ್ ಡಬ್ಬಿಗಳನ್ನು ಆರಿಸತೊಡಗಿದರು. ನೀನು ಪರದೆಯನ್ನೇ ನೋಡುತ್ತ ಕೂತಿದ್ದೆ, ಎರಡೂ ಕೈ ತೊಡೆಯ ಮೇಲೆ. ಬೆರಳುಗಳ ಗಂಟು ಊದಿದ ಕೈ. ನನ್ನ ಒಳಗೆ ಏನಾದರೂ ಆಗಬೇಕಿತ್ತು. ಏನೂ ಆಗಲಿಲ್ಲ. ಎಸಿಯ ಚಳಿ ಮಾತ್ರ ಗೊತ್ತಾಗುತ್ತಿತ್ತು.

ಬಸ್ ಸ್ಟ್ಯಾಂಡಿಗೆ ಬಂದೆವು. ಹರಿಹರದ ಬಸ್ಸು ಬರುವುದಿತ್ತು. ಆಗ ನೀನು ಕೇಳಿದೆ — ಸಿನಿಮಾದೋರು ಕಡೀದು ಬದಲಾಯಿಸಿಬಿಟ್ಟಾರೆ, ಅಲ್ಲೇನು?

ನಾನು ಹೌದಕ್ಕ ಅಂದೆ.

ಇದು ಹಳೆಯ ತಪ್ಪಲ್ಲ. ಕಳೆದ ತಿಂಗಳದ್ದು. ಅವತ್ತು ವಯಸ್ಸು ಚಿಕ್ಕದು, ಬುದ್ಧಿ ಇರಲಿಲ್ಲ ಅಂತ ಏನೇನೋ ಹೇಳಬಹುದು. ಬಸ್ ಸ್ಟ್ಯಾಂಡಿನಲ್ಲಿ ನನಗೆ ಅರವತ್ತು ದಾಟಿತ್ತು. ರೊಟ್ಟಿಯ ಮಣೆಯ ಭಯವೂ ಇರಲಿಲ್ಲ. ಆದರೂ ಹೌದಕ್ಕ ಅಂದೆ, ಅಷ್ಟು ಸಲೀಸಾಗಿ.

ನೀನು ತಲೆಯಾಡಿಸಿದೆ. ಆಮೇಲೆ ಹೇಳಿದೆ, ಬಸ್ಸುಗಳ ಗದ್ದಲದಲ್ಲೂ ನನಗೆ ಒಂದೊಂದು ಅಕ್ಷರ ಕೇಳಿಸಿತು.

"ಸಿನಿಮಾದಾಗ ಹೆಂಗ್ ಬೇಕಾದ್ರೂ ತೋರಿಸ್ತಾರೆ ಬಿಡು. ಪುಸ್ತಕ ಬರೆದೋರಿಗೆ ಬದುಕು ಗೊತ್ತಿತ್ತು. ನಾನೇನಾರ ಆಗ ಈ ಸಿನಿಮಾ ನೋಡಿದ್ರೆ, ಬಸಣ್ಣನ ಹಿಂದೆ ಹೋಗಿಬಿಡ್ತಿದ್ದೆ ನೋಡು."

ಬಸ್ಸು ಬಂತು. ನೀನು ಹತ್ತಿ ಕಿಟಕಿ ಪಕ್ಕ ಕೂತೆ. ಕಿಟಕಿಯಿಂದ ಕೈ ಹೊರಗೆ ಹಾಕಿ, ಆ ಪುಸ್ತಕ ಸಿಕ್ಕರೆ ತಗಂಡು ಬಾ, ಕಡೀದೊಂದು ಓದಿಬಿಡು, ಮತ್ತೆ ಕೇಳಂಗಾಗೈತೆ ಅಂದೆ. ಆಗಲಿ ಅಂದೆ ನಾನು. ಬಸ್ಸು ಹೋದ ಮೇಲೂ ಅಲ್ಲೇ ನಿಂತಿದ್ದೆ. ನೀನು ಕಟ್ಟಿಕೊಂಡು ಬಂದ ರೊಟ್ಟಿಯ ಗಂಟು ನನ್ನ ಕೈಯಲ್ಲೇ ಇತ್ತು. ಮನೆಗೆ ಬಂದು ತಿಂದೆ. ಯಾವಾಗಿನ ಹಾಗೆ ತೆಳ್ಳಗಿತ್ತು, ಅಂಚು ಸೀಳಿರಲಿಲ್ಲ.

ಪುಸ್ತಕ ಸಿಕ್ಕಿದೆ. ಸಿನಿಮಾ ಬಂದ ಮೇಲೆ ಹೊಸದಾಗಿ ಅಚ್ಚು ಹಾಕಿದ್ದಾರೆ. ರಟ್ಟು ಈಗ ನೀಲಿಯಲ್ಲ. ನಾಯಕಿಯ ಚಿತ್ರ ಇದೆ, ಸೆರಗಿನ ತುದಿಯ ಗಂಟು ಕಾಣುವ ಹಾಗೆ. ಎರಡು ವಾರದಿಂದ ಮೇಜಿನ ಮೇಲಿದೆ. ಇದರ ಕೊನೆಯ ಪುಟ ನೋಡುತ್ತ ಮತ್ತೊಮ್ಮೆ ಆ ಬಾಗಿಲನ್ನು ಓದಿಬಿಡಬಹುದು. ಅದು ನನಗೆ ಬರುತ್ತದೆ. ನೀನು ಅದನ್ನೇ ಕೇಳಬೇಕೆಂದಿದ್ದೀ, ಕೇಳಿ ಅಳುತ್ತೀ, ಸಮಾಧಾನ ಮಾಡಿಕೊಳ್ಳುತ್ತೀ. ಬಸಣ್ಣನ ಹಿಂದೆ ಹೋಗದೆ ಇದ್ದದ್ದೇ ಸರಿ ಅಂದುಕೊಂಡೇ ಸಾಯುತ್ತೀ. ಅದೇ ನಿನಗೆ ಒಳ್ಳೆಯದಲ್ಲವೇ — ಅಂತ ಈ ಎರಡು ವಾರದಲ್ಲಿ ಎಷ್ಟು ಸಲ ಅಂದುಕೊಂಡೆ. ನಿನಗೆ ಯಾವುದು ಒಳ್ಳೆಯದು ಅಂತ ಅವತ್ತೂ ನಾನೇ ತೀರ್ಮಾನ ಮಾಡಿದ್ದೆ.

ಬರೆಯಲು ಕೂತಾಗ ಇನ್ನೊಂದು ಹೊಳೆಯಿತು. ಓದಲು ಬಾರದವಳಿಗೆ ಬರೆಯುತ್ತಿದ್ದೇನೆ. ಎಷ್ಟು ಪುಟ ಬರೆದರೂ ನಾನೇ ಬಂದು ಬಾಯಿ ಬಿಡುವತನಕ ನಿನಗೆ ಮುಟ್ಟುವುದಿಲ್ಲ. ಬಿ.ಎ. ಓದಿದವಳು ಅಡಗಲು ಒಳ್ಳೆಯ ಜಾಗ ಹುಡುಕಿಕೊಂಡಿದ್ದೆ.

ಹಾಗಾಗಿ ಬರುವ ಭಾನುವಾರ ಹರಿಹರಕ್ಕೆ ಬರುತ್ತೇನೆ. ನೀನು ಗ್ಯಾಸ್ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುತ್ತೀ. ಮೊದಲು ಪುಸ್ತಕದ ಕೊನೆಯ ಅಧ್ಯಾಯ ಓದುತ್ತೇನೆ, ಅಚ್ಚಾದದ್ದು ಅಚ್ಚಾದ ಹಾಗೆ. ಅವರು ಏನು ಉಂಡರು ಅಂತ ನೀನು ಕೇಳಿದರೆ, ಬರೆದಿಲ್ಲ ಅಕ್ಕ ಅನ್ನುತ್ತೇನೆ. ಆಮೇಲೆ ಇದನ್ನು ಓದುತ್ತೇನೆ, ಮೊದಲ ಸಾಲಿನಿಂದ, ನನ್ನ ಖುಷಿ, ನನ್ನ ನಿರಾಳ, ಬಸ್ ಸ್ಟ್ಯಾಂಡ್ — ಏನನ್ನೂ ಬಿಡದೆ. ನೀನು ನಿಲ್ಲಿಸು ಅಂದರೆ ನಿಲ್ಲಿಸುತ್ತೇನೆ. ಹೊರಗೆ ನಡಿ ಅಂದರೆ ಎದ್ದು ಹೋಗಿ ಬಾಗಿಲಲ್ಲಿ ನಿಲ್ಲುತ್ತೇನೆ.

ಅಲ್ಲಿ ನಿಂತವಳಿಗೆ ನೀನು ಏನನ್ನುತ್ತೀಯೋ, ಏನೂ ಅನ್ನದೆ ರೊಟ್ಟಿ ಬಡಿಯುತ್ತ ಕೂರುತ್ತೀಯೋ, ನನಗೆ ಗೊತ್ತಿಲ್ಲ. ಆ ಮಾತನ್ನು ಈ ಸಲ ನಾನು ಕಟ್ಟುವುದಿಲ್ಲ.